ಪುಣ್ಯ ಮಾರದ ಕಡೆ ವಂತಿಗೆ ಕೇಳುವುದು ಹೇಗೆ?

ದೇವರಿದ್ದಾನೋ ಇಲ್ಲವೋ ಎಂದು ಒಂದು ಗಂಟೆ ಬಿಡದೆ ವಾದ ಮಾಡುವ ಜನ ಇವರು. ಸಾವು, ಮದುವೆ, ರಾಜಕೀಯ, ಯಾವುದನ್ನು ಎತ್ತಿದರೂ ಹಿಂಜರಿಕೆ ಇಲ್ಲ. ಆದರೆ 'ಮುಂದಿನ ವರ್ಷಕ್ಕೆ ನೀವು ಎಷ್ಟು ಕೊಡ್ತೀರಿ?' ಎಂದು ಕೇಳಿ ನೋಡಿ. ಎದುರಿಗಿದ್ದವರು ಕಾಫಿ ಕಪ್ಪಿನ ತಳ ನೋಡಲು ಶುರು ಮಾಡುತ್ತಾರೆ. ಕೇಳಿದವರೂ ಕಮ್ಮಿ ಇಲ್ಲ. ಉತ್ತರ ಬರುವ ಮೊದಲೇ 'ಅವಸರ ಏನಿಲ್ಲ ಬಿಡಿ' ಎಂದು ತಾವೇ ದಾರಿ ಬಿಟ್ಟುಕೊಡುತ್ತಾರೆ.

ನಾನು ಹೇಳುತ್ತಿರುವುದು ಯೂನಿಟೇರಿಯನ್ ಯೂನಿವರ್ಸಲಿಸ್ಟ್ ಸಭೆಯ ವಿಷಯ. ಅಮೆರಿಕದ ನಡುಭಾಗದ ಒಂದು ಸಣ್ಣ ಊರಲ್ಲಿ ನಾವು ಹೋಗುವ ಸಭೆ ಅದು. ಅದರ ಹಣಕಾಸು ಸಮಿತಿಯಲ್ಲಿ ನಾನೂ ಇದ್ದೇನೆ. ಇಂಡಿಯಾದವನು, ಲೆಕ್ಕ ಚೆನ್ನಾಗಿ ಬರುತ್ತದೆ ಎಂದು ಸೇರಿಸಿಕೊಂಡರು ಅನ್ನುವುದು ನನ್ನ ಗುಮಾನಿ. ಯಾರೂ ಒಪ್ಪುವುದಿಲ್ಲ.

ಹೆಸರು ಕೇಳದವರಿಗೆ ಸ್ವಲ್ಪ ಹೇಳಿಬಿಡುತ್ತೇನೆ. 1961ರಲ್ಲಿ ಎರಡು ಹಳೆಯ ಕ್ರೈಸ್ತ ಪಂಥಗಳು ಸೇರಿ ಆದ ಸಂಘಟನೆ ಇದು. ಯೂನಿಟೇರಿಯನ್ನರು ತಂದೆ, ಮಗ, ಪವಿತ್ರಾತ್ಮ ಎಂಬ ಮೂರನ್ನು ಬಿಟ್ಟು ದೇವರು ಒಬ್ಬನೇ ಎಂದವರು. ಯೂನಿವರ್ಸಲಿಸ್ಟರು ಯಾರಿಗೂ ಶಾಶ್ವತ ನರಕ ಇಲ್ಲ, ಕೊನೆಗೆ ಎಲ್ಲರೂ ಪಾರಾಗುತ್ತಾರೆ ಎಂದವರು. ಈಗ ನಂಬಲೇಬೇಕಾದ್ದು ಅಂತ ಏನೂ ಉಳಿದಿಲ್ಲ. ನಾಸ್ತಿಕರಿದ್ದಾರೆ, ಬೌದ್ಧ ಧ್ಯಾನ ಮಾಡುವವರಿದ್ದಾರೆ, ಕ್ಯಾಥೊಲಿಕ್ ಚರ್ಚ್ ಬಿಟ್ಟು ಬಂದವರಿದ್ದಾರೆ, ಮನೆಯಲ್ಲಿ ವರಮಹಾಲಕ್ಷ್ಮಿ ಕೂರಿಸುವ ನಾವೂ ಇದ್ದೇವೆ. ಭಾನುವಾರ ಬೆಳಿಗ್ಗೆ ಒಂದು ಬಟ್ಟಲಿನಲ್ಲಿ ದೀಪ ಹಚ್ಚುತ್ತಾರೆ. ಹಾಡು, ಒಂದು ಉಪನ್ಯಾಸ, ಆಮೇಲೆ ಕಾಫಿ.

ನಮ್ಮ ದೇಶಕ್ಕೂ ಇವರಿಗೂ ಹಳೆಯ ನಂಟು ಇದೆ. ರಾಜಾ ರಾಮಮೋಹನ ರಾಯರು 1821ರಲ್ಲಿ ವಿಲಿಯಂ ಆಡಮ್ ಎಂಬ ಮಿಷನರಿಯ ಜೊತೆ ಸೇರಿ ಕಲ್ಕತ್ತದಲ್ಲಿ ಯೂನಿಟೇರಿಯನ್ ಸಮಿತಿ ಕಟ್ಟಿದ್ದರು. ಬ್ರಹ್ಮಸಮಾಜ ಬಂದದ್ದು ಅದಾದ ಮೇಲೆ. ಆ ಗಾಳಿ ಮಂಗಳೂರಿಗೂ ಬೀಸಿತು, ದಲಿತರ ಶಾಲೆಗಳಿಗಾಗಿ ದುಡಿದ ಕುದ್ಮುಲ್ ರಂಗರಾಯರಂಥವರು ಅದರಲ್ಲಿ ಬೆಳೆದರು. ಮೇಘಾಲಯದ ಖಾಸಿ ಬೆಟ್ಟಗಳಲ್ಲಿ 1887ರಲ್ಲಿ ಹಾಜೋಮ್ ಕಿಸ್ಸೋರ್ ಸಿಂಗ್ ಶುರು ಮಾಡಿದ ಯೂನಿಟೇರಿಯನ್ ಸಭೆಗಳು ಇವತ್ತಿಗೂ ನಡೆಯುತ್ತಿವೆ. ಈ ವಿಷಯ ಇಲ್ಲಿನವರಿಗೆ ಹೇಳಿದಾಗ ನನಗೆ ಸುಮ್ನೆ ಒಂದಿಷ್ಟು ಗೌರವ ಸಿಕ್ಕಿತು. ಅದಿರಲಿ.

ದುಡ್ಡಿನ ವಿಷಯಕ್ಕೆ ಬರೋಣ. ಈ ಸಭೆಗಳ ಮೇಲೆ ಬಿಷಪ್ ಇಲ್ಲ. ಪ್ರತಿ ಸಭೆಯೂ ತನ್ನ ಕಟ್ಟಡಕ್ಕೆ ತಾನೇ ಯಜಮಾನ. ತನ್ನ ಮಿನಿಸ್ಟರನ್ನು, ಅಂದರೆ ಸಭೆ ನಡೆಸುವ ಧರ್ಮಗುರುವನ್ನು, ತಾನೇ ಓಟು ಹಾಕಿ ಕರೆಸಿಕೊಳ್ಳುತ್ತದೆ. ಮ್ಯಾಸಚುಸೆಟ್ಸ್‌ನ ಪ್ಯೂರಿಟನ್ ಪಂಥದ ಕ್ರೈಸ್ತರು 1648ರಲ್ಲಿ ಕೇಂಬ್ರಿಜ್‌ನಲ್ಲಿ ಬರೆದಿಟ್ಟ ಕಟ್ಟಳೆಯಿಂದ ಬಂದ ಪದ್ಧತಿ ಇದು. ಸ್ವಾತಂತ್ರ್ಯವೇನೋ ಚೆನ್ನಾಗಿದೆ, ಆದರೆ ಕರೆಂಟ್ ಬಿಲ್ಲೂ ನಮ್ಮದೇ. ಬಾಸ್ಟನ್‌ನಲ್ಲಿರುವ ಕೇಂದ್ರ ಕಚೇರಿ ನಮಗೆ ಕಳಿಸುವುದಿಲ್ಲ, ನಾವೇ ಅಲ್ಲಿಗೆ ಕಳಿಸಬೇಕು. ಹಿಂದೆ ಸದಸ್ಯರ ತಲೆ ಎಣಿಸಿ ಇಷ್ಟು ಎಂದು ಕೇಳುತ್ತಿದ್ದರು. ಈಗ ಸಭೆಯ ಖರ್ಚಿನ ಮೇಲೆ ಶೇಕಡಾ ಲೆಕ್ಕ.

ಬಹಳ ಸಭೆಗಳಲ್ಲಿ ಲೆಕ್ಕದ ವರ್ಷ ಜುಲೈ 1ಕ್ಕೆ ಶುರು. ಅದಕ್ಕೆ ಮುಂಚೆ, ಫೆಬ್ರವರಿ ಮಾರ್ಚ್ ಹೊತ್ತಿಗೆ, ಪ್ಲೆಡ್ಜ್ ಅಭಿಯಾನ. ಅಂದರೆ ಪ್ರತಿ ಮನೆಯವರೂ ಬರುವ ವರ್ಷ ಇಷ್ಟು ಕೊಡುತ್ತೇವೆ ಎಂದು ಒಂದು ಕಾರ್ಡಿನಲ್ಲಿ ಬರೆದುಕೊಡುವುದು. ಅದನ್ನೆಲ್ಲ ಕೂಡಿಸಿ ಬಜೆಟ್ ಮಾಡುತ್ತೇವೆ. ಬೇಸಿಗೆಗೆ ಮುಂಚೆ ಎಲ್ಲ ಸದಸ್ಯರೂ ಕೂತು ಅದಕ್ಕೆ ಓಟು ಹಾಕುತ್ತಾರೆ.

ಈ ಬಜೆಟ್ಟು ಎಷ್ಟು ತೆಳ್ಳಗಿರುತ್ತದೆ ಅನ್ನುವುದಕ್ಕೆ ಒಂದು ಲೆಕ್ಕ ಹಾಕಿ ನೋಡೋಣ. ಇದು ನಮ್ಮ ಸಭೆಯ ಲೆಕ್ಕ ಅಲ್ಲ, ಸುಲಭಕ್ಕೆ ದುಂಡು ಸಂಖ್ಯೆ ಇಟ್ಟುಕೊಂಡಿದ್ದೇನೆ. 50 ಮನೆ, ವರ್ಷಕ್ಕೆ 1,00,000 ಡಾಲರ್ ಖರ್ಚು ಅಂದುಕೊಳ್ಳಿ. ಮಿನಿಸ್ಟರ್ ಅರ್ಧ ಹೊತ್ತಿನ ಕೆಲಸಕ್ಕೆ. (ಸಂಬಳ ಅರ್ಧ ಅನ್ನುವುದು ನಿಜ. ಕೆಲಸ ಅರ್ಧ ಇದ್ದದ್ದನ್ನು ನಾನು ಕಂಡಿಲ್ಲ.) ಸರಾಸರಿ ತೆಗೆದರೆ ಮನೆಗೆ 2,000 ಡಾಲರ್. ಆದರೆ ಸರಾಸರಿಯಷ್ಟೇ ಕೊಡುವ ಮನೆ ಸಿಗುವುದು ಅಪರೂಪ. 10 ಮನೆಯವರು ಐದೈದು ಸಾವಿರ ಕೊಟ್ಟರೆ ಅಲ್ಲಿಗೇ ಅರ್ಧ ಬಂತು. ಉಳಿದ 40 ಮನೆಗೆ ಬರುವುದು 1,250. ಈಗ ಆ 10 ಮನೆಯವರ ವಯಸ್ಸು ನೋಡಿ. ಅರ್ಧದಷ್ಟು ಜನ ಎಪ್ಪತ್ತೈದು ದಾಟಿದವರು. ಒಂದೇ ಚಳಿಗಾಲದಲ್ಲಿ ಒಬ್ಬರು ತೀರಿಕೊಂಡು, ಇನ್ನೊಬ್ಬರು ಮಗಳ ಊರಿಗೆ ಹೋದರೆ 10,000 ಡಾಲರ್ ಹೋಯಿತು. ಬಜೆಟ್ಟಿನ ಹತ್ತನೇ ಒಂದು ಭಾಗ. ಅದನ್ನು ತುಂಬಬೇಕೆಂದರೆ ಆ 40 ಮನೆಯವರು ತಿಂಗಳಿಗೆ ಇನ್ನೂ 21 ಡಾಲರ್ ಸೇರಿಸಿದರೆ ಸಾಕು. ಒಬ್ಬರು ಒಂದು ಸಲ ಹೊರಗೆ ಊಟ ಮಾಡಿದ ಖರ್ಚು. ಆದರೂ ಅದನ್ನು ಯಾರೂ ಕೇಳುವುದಿಲ್ಲ. ಕೇಳದೆ ಮಿನಿಸ್ಟರ ಸಂಬಳ ಕಡಿಯುತ್ತಾರೆ.

ನಾನು ಮಂಡ್ಯ ಕಡೆಯವನು. ದೇವರ ಹೆಸರಲ್ಲಿ ದುಡ್ಡು ಎತ್ತುವುದು ನಮ್ಮೂರಲ್ಲಿ ಯಾವತ್ತೂ ಕಷ್ಟದ ಕೆಲಸ ಅನ್ನಿಸಿರಲಿಲ್ಲ. ಹಬ್ಬಕ್ಕೆ ಮುಂಚೆ ಯಜಮಾನರು ಅರಳಿಕಟ್ಟೆ ಮೇಲೆ ಕೂತು ಮನೆಗಿಷ್ಟು ಎಂದು ವರಾಡ ಹಾಕುತ್ತಿದ್ದರು. ಇರುವವರಿಗೂ ಅಷ್ಟೇ, ಇಲ್ಲದವರಿಗೂ ಅಷ್ಟೇ. ಯಾರು ಕೊಟ್ಟರು, ಯಾರು ಬಾಕಿ ಅನ್ನುವುದು ಊರಿಗೆಲ್ಲ ಗೊತ್ತು. ಗಣೇಶನ ಹಬ್ಬ ಬಂದರೆ ಹುಡುಗರು ರಸೀದಿ ಪುಸ್ತಕ ಹಿಡಿದು ಬಾಗಿಲಿಗೆ ಬರುತ್ತಿದ್ದರು. 'ಪಕ್ಕದ ಮನೆ ಅಂಕಲ್ ಐನೂರು ಕೊಟ್ಟವ್ರೆ' ಎಂದು ಹಿಂದಿನ ಹಾಳೆ ತೋರಿಸುವುದೇ ಅವರ ಭಾಷಣ. ದೇವಸ್ಥಾನದಲ್ಲಿ ಸೇವಾ ಪಟ್ಟಿ ಗೋಡೆ ಮೇಲೇ ಇರುತ್ತದೆ, ಯಾವ ಅರ್ಚನೆಗೆ ಎಷ್ಟು ಅಂತ. ಫ್ಯಾನು ಕೊಟ್ಟರೆ ಅದರ ರೆಕ್ಕೆಯ ಮೇಲೆ ಹೆಸರು.

ಮತ್ತೆ ನಿತ್ಯದ ಖರ್ಚು? ಅದನ್ನು ಭಕ್ತರು ತಲೆಗೆ ಹಚ್ಚಿಕೊಳ್ಳಬೇಕಾಗಿಯೇ ಇರಲಿಲ್ಲ. ಹಿಂದೆ ದೇವರ ಹೆಸರಲ್ಲಿ ಇನಾಂ ಜಮೀನು ಇತ್ತು. ಇನಾಂ ರದ್ದಾಗಿ ಜಮೀನು ಉಳುವವರಿಗೆ ಹೋದ ಮೇಲೆ ಸರ್ಕಾರ ಅದಕ್ಕೆ ಬದಲಾಗಿ ತಸ್ತೀಕು ಅಂತ ವರ್ಷಕ್ಕಿಷ್ಟು ಕೊಡುತ್ತದೆ. ಮುಜರಾಯಿ ದೇವಸ್ಥಾನಗಳಲ್ಲಿ ವರ್ಷಕ್ಕೆ 25 ಲಕ್ಷಕ್ಕಿಂತ ಜಾಸ್ತಿ ಆದಾಯ ಇರುವವು 'ಎ' ವರ್ಗ, 5 ಲಕ್ಷದಿಂದ 25 ಲಕ್ಷದವರೆಗೆ 'ಬಿ', ಉಳಿದವೆಲ್ಲ 'ಸಿ'. ಬಹುಪಾಲು ದೇವಸ್ಥಾನಗಳು ಈ 'ಸಿ'ಯಲ್ಲೇ ಇವೆ. ತಸ್ತೀಕಿನ ದುಡ್ಡು ದೀಪದ ಎಣ್ಣೆಗೂ ಸಾಲದು ಎಂದು ಅರ್ಚಕರು ಗೊಣಗುವುದು ಹೊಸದಲ್ಲ. ಆದರೂ ನಮ್ಮ ತಾತ ತನ್ನ ಜೀವಮಾನದಲ್ಲಿ ಅರ್ಚಕರ ಸಂಬಳ ತನ್ನ ಜವಾಬ್ದಾರಿ ಎಂದು ಯೋಚಿಸಿರಲಿಕ್ಕಿಲ್ಲ. ಅವರು ಕೊಟ್ಟದ್ದು ದೇವರಿಗೆ. ಹರಕೆ ತೀರಿಸಲು, ಮಳೆ ಬರಲಿ ಅಂತ, ಎಮ್ಮೆ ಈಯಲಿ ಅಂತ.

ಅಂದರೆ ನಮ್ಮ ಕಡೆ ಕೈ ಜೇಬಿಗೆ ಹೋಗುವುದಕ್ಕೆ ಎಳೆತಗಳು ಬೇಕಾದಷ್ಟಿವೆ. ಪುಣ್ಯ ಇದೆ, ಹರಕೆ ತಪ್ಪಿದರೆ ಏನಾಗುತ್ತದೋ ಎಂಬ ಭಯ ಇದೆ, ಹೆಸರು ಇದೆ. ಎಲ್ಲಕ್ಕಿಂತ ದೊಡ್ಡದು ಮುಲಾಜು. ಈ ಲಿಬರಲ್ ಸಭೆ ಇದನ್ನೆಲ್ಲ ಒಂದೊಂದಾಗಿ ಕೈಬಿಟ್ಟಿದೆ. ನರಕವನ್ನು ಇವರ ಹಿರಿಯರೇ ಮುಚ್ಚಿಬಿಟ್ಟರು. ಕೊಟ್ಟರೆ ದೇವರು ಹತ್ತರಷ್ಟು ವಾಪಸ್ ಕೊಡುತ್ತಾನೆ ಎಂದು ಯಾರಾದರೂ ಹೇಳಿದರೆ ನಮ್ಮ ಸಭೆಯಲ್ಲಿ ನಗುತ್ತಾರೆ. ಹೆಸರು ಬರೆಸುವುದು ಅಸಹ್ಯ. ಪಕ್ಕದವರು ಎಷ್ಟು ಕೊಟ್ಟರು ಎಂದು ಕೇಳುವುದಂತೂ ದೊಡ್ಡ ಅಪರಾಧ.

ನಾವು ಈಗಿರುವ ಊರಲ್ಲೇ ಮಾರ್ಮನ್ನರ ಚರ್ಚೂ ಇದೆ. ಅವರಲ್ಲಿ ಆದಾಯದ ಹತ್ತನೇ ಒಂದು ಭಾಗ ಕೊಡಲೇಬೇಕು. ವರ್ಷಕ್ಕೊಮ್ಮೆ ಬಿಷಪ್ಪರ ಮುಂದೆ ಕೂತು ಪೂರ್ತಿ ಕೊಟ್ಟೆನೋ ಇಲ್ಲವೋ ಎಂದು ಹೇಳಬೇಕು. ಪೂರ್ತಿ ಕೊಡದವರಿಗೆ ಅವರ ಪವಿತ್ರ ಮಂದಿರದ ಒಳಗೆ ಪ್ರವೇಶ ಇಲ್ಲ. ಜರ್ಮನಿಯಲ್ಲಿ ಚರ್ಚ್ ತೆರಿಗೆಯನ್ನು ಸರ್ಕಾರವೇ ಸಂಬಳದಲ್ಲಿ ಹಿಡಿದು ಕೊಡುತ್ತದೆ, ಆದಾಯ ತೆರಿಗೆಯ ಮೇಲೆ 8 ಅಥವಾ 9 ಪರ್ಸೆಂಟ್. ಇಲ್ಲಿನ ಯಹೂದಿ ಸಭೆಗಳಲ್ಲಿ ಬಹಳ ಕಡೆ ವರ್ಷದ ಸದಸ್ಯತ್ವ ಶುಲ್ಕ ಇದೆ. ನಮ್ಮಲ್ಲಿ ಇರುವುದು ಒಂದು ಕಾರ್ಡು, ಒಂದು ಪೆನ್ನು, ಸಿಕ್ಕಾಪಟ್ಟೆ ಸಂಕೋಚ.

ಈ ಸಂಕೋಚ ಇವರ ಹುಟ್ಟುಗುಣ ಎಂದು ನಾನು ತಿಳಿದಿದ್ದೆ. ಚರಿತ್ರೆ ಓದಿದ ಮೇಲೆ ಬೇರೆ ಅನುಮಾನ ಬಂತು. ಯೂನಿಟೇರಿಯನ್ನರ ತವರು ಮ್ಯಾಸಚುಸೆಟ್ಸ್. ಅಲ್ಲಿನ 1780ರ ಸಂವಿಧಾನದಲ್ಲಿ ಊರಿನ ಚರ್ಚಿನ ಬೋಧಕರ ಖರ್ಚನ್ನು ತೆರಿಗೆಯಿಂದ ಎತ್ತಬಹುದು ಎಂದು ಬರೆದಿತ್ತು. ಅದು ನಿಂತದ್ದು 1833ರಲ್ಲಿ. ಅಷ್ಟರೊಳಗೆ ಬಾಸ್ಟನ್ ಸುತ್ತಮುತ್ತ ಎಷ್ಟೋ ಹಳೆಯ ಚರ್ಚುಗಳು ಯೂನಿಟೇರಿಯನ್ ಆಗಿದ್ದವು. ಡೆಡಮ್ ಎಂಬ ಊರಿನ ಚರ್ಚು ಒಡೆದಾಗ ಕೋರ್ಟು 1820ರಲ್ಲಿ ಒಂದು ತೀರ್ಪು ಕೊಟ್ಟಿತು. ಚರ್ಚಿನ ಸದಸ್ಯರಲ್ಲಿ ಹೆಚ್ಚಿನವರು ಸಂಪ್ರದಾಯಸ್ಥರು, ಅವರು ಎದ್ದು ಹೋಗಿದ್ದರು. ಆದರೆ ತೆರಿಗೆ ಕಟ್ಟುವ ಊರವರೆಲ್ಲ ಸೇರಿದ ಇಡೀ ಪ್ಯಾರಿಷ್‌ನಲ್ಲಿ ಯೂನಿಟೇರಿಯನ್ ಕಡೆಗೆ ಒಲಿದ ಉದಾರವಾದಿಗಳು ಜಾಸ್ತಿ. ಆಸ್ತಿ ಉಳಿದುಕೊಂಡವರಿಗೇ ಎಂದಿತು ಕೋರ್ಟು. ನಂಬಿಕೆ ಅವರು ಹೊತ್ತುಕೊಂಡು ಹೋದರು, ಬೆಂಚು ಕುರ್ಚಿ ಇವರಿಗೆ ಉಳಿದವು ಎಂದು ಜನ ಆಡಿಕೊಂಡರು. ಯೋಚನೆ ಮಾಡಿ, ಯಾರನ್ನೂ ಕೇಳದೆ ಕಟ್ಟಡ ಸಿಕ್ಕಿತು, ಯಾರನ್ನೂ ಕೇಳದೆ ಸಂಬಳವೂ ಬರುತ್ತಿತ್ತು.

ತೆರಿಗೆ ಹೋದ ಮೇಲೂ ಪ್ಯೂ ಇತ್ತು. ಚರ್ಚಿನ ಬೆಂಚುಗಳನ್ನು ಮನೆತನಗಳಿಗೆ ಮಾರುತ್ತಿದ್ದರು, ಬಾಡಿಗೆಗೆ ಕೊಡುತ್ತಿದ್ದರು. ಒಳ್ಳೆಯ ಜಾಗಕ್ಕೆ ಜಾಸ್ತಿ, ಹಿಂದಿನ ಮೂಲೆಗೆ ಕಮ್ಮಿ. ಅದು ಆಸ್ತಿಯಂತೆ ಮಕ್ಕಳಿಗೂ ಹೋಗುತ್ತಿತ್ತು. ನಮ್ಮ ಸೇವಾ ಪಟ್ಟಿ ನೋಡಿ ಮೂಗು ಮುರಿಯುವ ಅಮೆರಿಕನ್ ಗೆಳೆಯರಿಗೆ ನಾನು ಈ ಕಥೆ ತಪ್ಪದೆ ಹೇಳುತ್ತೇನೆ. 1841ರಲ್ಲಿ ಜೇಮ್ಸ್ ಫ್ರೀಮನ್ ಕ್ಲಾರ್ಕ್ ಎಂಬ ಮಿನಿಸ್ಟರು ಬಾಸ್ಟನ್‌ನಲ್ಲಿ ಚರ್ಚ್ ಆಫ್ ದಿ ಡಿಸೈಪಲ್ಸ್ ಶುರು ಮಾಡಿ, ಇಲ್ಲಿ ಬೆಂಚು ಮಾರುವುದಿಲ್ಲ, ಯಾರು ಬೇಕಾದರೂ ಎಲ್ಲಿ ಬೇಕಾದರೂ ಕೂರಬಹುದು, ಖರ್ಚಿಗೆ ಎಲ್ಲರೂ ಮನಸ್ಸಿದ್ದಷ್ಟು ಕೊಡಲಿ ಎಂದರು. ಆ ಕಾಲಕ್ಕೆ ಅದು ದೊಡ್ಡ ಸುದ್ದಿ. ಇವತ್ತು ನಮ್ಮ ಸಭೆಯಲ್ಲಿರುವುದು ಅದೇ ವ್ಯವಸ್ಥೆ. ಆದರೆ ಕೇಳುವ ರೂಢಿ ಮಾತ್ರ ಆ ಹಳೆಯ ಬಾಸ್ಟನ್ ಮನೆತನಗಳದ್ದೇ ಎಂದು ನನಗೆ ಅನ್ನಿಸುತ್ತದೆ. ಮರ್ಯಾದಸ್ಥರು ದುಡ್ಡಿನ ಮಾತು ಆಡುವುದಿಲ್ಲ, ಅಷ್ಟೇ.

ಸಣ್ಣ ಸಭೆಗಳಿಗೆ ಇನ್ನೊಂದು ಕಾರಣವೂ ಸೇರಿಕೊಂಡಿದೆ. 1948ರಲ್ಲಿ ಯೂನಿಟೇರಿಯನ್ ಸಂಘ ಫೆಲೋಶಿಪ್ ಎಂಬ ಯೋಜನೆ ತಂತು. ಹತ್ತು ಜನ ಸೇರಿದರೆ ಸಾಕು, ಮಿನಿಸ್ಟರ್ ಬೇಡ, ಕಟ್ಟಡ ಬೇಡ, ನೀವೇ ಸರದಿಯಲ್ಲಿ ಮಾತಾಡಿಕೊಳ್ಳಿ. ಕೊಲರಾಡೊದ ಬೌಲ್ಡರ್‌ನಲ್ಲಿ ಮೊದಲನೆಯದು ಶುರುವಾಯಿತು. ಮುಂದೆ ಕಾಲೇಜು ಇರುವ ಊರುಗಳಲ್ಲಿ ಇಂಥವು ಸಾಕಷ್ಟು ಹುಟ್ಟಿಕೊಂಡವು. ನಮ್ಮದೂ ಆ ಜಾತಿಯದ್ದೇ. ಆಗ ಸೇರಿದವರಿಗೆ ಧರ್ಮ ಅಂದರೆ ಖರ್ಚೇ ಇಲ್ಲದ ವಿಷಯ. ಬಾಡಿಗೆ ಕೋಣೆ, ಮಡಿಸುವ ಕುರ್ಚಿ, ಮನೆಯಿಂದ ತಂದ ಬಿಸ್ಕತ್ತು. ಆಮೇಲೆ ಮಕ್ಕಳಿಗೆ ಭಾನುವಾರದ ತರಗತಿ ಬೇಕು ಎಂದರು, ಸ್ವಂತ ಕಟ್ಟಡ ಕೊಂಡರು, ಮಿನಿಸ್ಟರ್ ಬೇಕು ಎಂದರು. ಖರ್ಚು ಚರ್ಚಿನದ್ದಾಯಿತು, ಕೈ ಮಾತ್ರ ಮಡಿಸುವ ಕುರ್ಚಿ ಕಾಲದ್ದೇ ಉಳಿಯಿತು.

ನನಗೆ ಸಿಟ್ಟು ಬರುವುದು ಎಲ್ಲಿ ಗೊತ್ತಾ? ಕೇಳದೆ ಇರುವುದನ್ನು ಸೌಜನ್ಯ ಅಂದುಕೊಳ್ಳುತ್ತಾರಲ್ಲ, ಅಲ್ಲಿ. ಯಾರನ್ನೂ ಕೇಳದಿದ್ದರೆ ಭಾರ ಮಾಯವಾಗುವುದಿಲ್ಲ. ಮೊದಲಿಂದ ಕೊಡುತ್ತಾ ಬಂದ ನಾಲ್ಕು ಜನ ಮುದುಕರ ಹೆಗಲ ಮೇಲೆ ಕೂರುತ್ತದೆ. ಹೊಸಬರಿಗೆ ಇದು ಹೇಗೋ ನಡೆದುಹೋಗುತ್ತದೆ ಎಂದು ಕಾಣುತ್ತದೆ. ದೀಪ ಉರಿಯುತ್ತಿದೆ, ಹೀಟರ್ ಬಿಸಿ ಇದೆ, ಕಾಫಿ ಇದೆ. ಅವರು ಜಿಪುಣರಲ್ಲ. ಯಾರೂ ಅವರಿಗೆ ಲೆಕ್ಕ ತೋರಿಸಿಲ್ಲ.

ನಾವು ಈಗ ಮನೆಮನೆಯವರ ಜೊತೆ ಕೂತು ಮಾತಾಡುತ್ತೇವೆ. ಇಂಥ ಸಭೆಗಳಲ್ಲಿ ಹಳಬರು ಹೇಳುವ ನಿಯಮ ಒಂದಿದೆ: ಕೇಳಲು ಹೋಗುವವರು ಮೊದಲು ತಮ್ಮ ಕಾರ್ಡು ತುಂಬಿರಬೇಕು. ನಾವು ಅದನ್ನು ಬಿಗಿಯಾಗಿ ಹಿಡಿದಿದ್ದೇವೆ. ಇನ್ನೊಂದು, ಮಿನಿಸ್ಟರನ್ನು ಕೇಳಲು ಕಳಿಸುವುದಿಲ್ಲ. ತಮ್ಮ ಸಂಬಳ ತಾವೇ ಕೇಳುವ ಗತಿ ಅವರಿಗೆ ಯಾಕೆ? ಹೋದವರು ಬಜೆಟ್ ಹಾಳೆ ಮೇಜಿನ ಮೇಲೆ ಇಡುತ್ತಾರೆ. ಸಂಬಳ ಇಷ್ಟು, ವಿಮೆ ಇಷ್ಟು, ಹಿಮ ತೆಗೆಸುವುದಕ್ಕೆ ಇಷ್ಟು. ಆಮೇಲೆ ನೀವು ಯಾಕೆ ಬರುತ್ತೀರಿ ಎಂದು ಕೇಳುತ್ತಾರೆ. ಈ ಪ್ರಶ್ನೆಗೆ ಬರುವ ಉತ್ತರಗಳು ವಿಚಿತ್ರವಾಗಿರುತ್ತವೆ. ಒಬ್ಬರು 'ಇಲ್ಲಿ ಯಾರೂ ನನ್ನ ಮಗನನ್ನು ಸರಿ ಮಾಡಲು ನೋಡುವುದಿಲ್ಲ' ಎಂದರು. ಇನ್ನೊಬ್ಬರು ಗಂಡ ತೀರಿಕೊಂಡ ವರ್ಷ ಮನೆಗೆ ಬಂದ ಊಟದ ಡಬ್ಬಿಗಳನ್ನು ನೆನೆಸಿಕೊಂಡರು. ಅಷ್ಟು ಮಾತಾದ ಮೇಲೆ ದುಡ್ಡಿನ ಪ್ರಶ್ನೆ ಅಷ್ಟೇನೂ ಗಂಟಲಲ್ಲಿ ಸಿಕ್ಕಿಕೊಳ್ಳುವುದಿಲ್ಲ.

ಎಷ್ಟು ಕೊಡಬೇಕು ಎಂದು ಕೇಳುವವರಿಗೆ ಬಾಸ್ಟನ್‌ನ ಸಂಘ ಮಾಡಿಕೊಟ್ಟ ಒಂದು ಪಟ್ಟಿ ಇದೆ. ಆದಾಯ ಕಮ್ಮಿ ಇದ್ದವರಿಗೆ ಶೇಕಡಾ ಕಮ್ಮಿ, ಜಾಸ್ತಿ ಇದ್ದವರಿಗೆ ಶೇಕಡಾವೇ ಜಾಸ್ತಿ. ಹತ್ತು ಪರ್ಸೆಂಟಿನವರೆಗೂ ಹೋಗುತ್ತದೆ. ಎಲ್ಲ ಮನೆಗೂ ಒಂದೇ ಎಂಬ ನಮ್ಮೂರ ವರಾಡಕ್ಕಿಂತ ಇದು ನ್ಯಾಯ ಎಂದು ನಾನು ಒಪ್ಪುತ್ತೇನೆ. ಆದರೆ ವರಾಡದಲ್ಲಿ ಒಂದು ಗುಣ ಇತ್ತು. ನಿನ್ನ ಮನೆಯೂ ಒಂದು ಮನೆ ಎಂದು ಎಣಿಸುತ್ತಿದ್ದರು. ಬಡವ ಎಂದು ಅವನನ್ನು ಬಿಟ್ಟರೆ ಅವನಿಗೇ ಅವಮಾನ ಆಗುತ್ತಿತ್ತು.

ನಮ್ಮ ಮೊದಲ ಕಾರ್ಡಿನಲ್ಲಿ ನನ್ನ ಹೆಂಡತಿ 1,001 ಡಾಲರ್ ಎಂದು ಬರೆದಳು. ನಮ್ಮ ಖಜಾಂಚಿ ಫೋನು ಮಾಡಿ, ತಿಂಗಳ ಕಂತು ಮಾಡಲು ಹನ್ನೆರಡರಿಂದ ಭಾಗ ಆಗುತ್ತಿಲ್ಲ, ಆ ಒಂದು ಡಾಲರ್ ಕೈತಪ್ಪಿ ಬಂತೇ ಎಂದು ಕೇಳಿದರು. 1,000 ಇದ್ದಿದ್ದರೂ ಭಾಗ ಆಗುತ್ತಿರಲಿಲ್ಲ ಅನ್ನುವುದು ಬೇರೆ ಮಾತು. 'ರೀ, ಸೊನ್ನೆಗೆ ನಿಲ್ಲಿಸಿ ಯಾರಾದ್ರೂ ಕೊಡ್ತಾರಾ?' ಎಂದು ಇವಳು ನನಗೆ ಕೇಳಿದಳು. ನಾನು ಅದನ್ನು ಇಂಗ್ಲಿಷಿನಲ್ಲಿ ಹೇಳಲು ಪಟ್ಟ ಕಷ್ಟ ನನಗೇ ಗೊತ್ತು. ಈಗ ಇನ್ನೂ ಒಂದೆರಡು ಮನೆಯವರ ಕಾರ್ಡು ಒಂದರಲ್ಲಿ ಮುಗಿಯುತ್ತದೆ.

ತಿಂಗಳ ಕಂತಿನ ಮಾತು ಬಂತಲ್ಲ, ಅದು ಸಣ್ಣ ವಿಷಯ ಅಲ್ಲ. ಬ್ಯಾಂಕಿನಿಂದ ತಾನಾಗಿ ಹೋಗುವ ಹಾಗೆ ಮಾಡಿದವರ ದುಡ್ಡು 2020ರ ಮಾರ್ಚ್‌ನಲ್ಲಿ ಬಾಗಿಲು ಮುಚ್ಚಿದಾಗಲೂ ಬರುತ್ತಿತ್ತು. ಭಾನುವಾರ ಕಾಣಿಕೆ ಎತ್ತುವ ತಟ್ಟೆ ಝೂಮ್‌ನಲ್ಲಿ ಓಡಾಡುವುದಿಲ್ಲವಲ್ಲ. ತೆರಿಗೆ ಉಳಿತಾಯ ತೋರಿಸಿ ಕೇಳುವ ಹಳೆಯ ದಾರಿ ಮಾತ್ರ 2018ರಲ್ಲಿ ಮಂಕಾಯಿತು. ಆ ವರ್ಷದಿಂದ ರಸೀದಿ ತೋರಿಸದೆಯೂ ಎಲ್ಲರಿಗೂ ಸಿಗುವ ಸ್ಟ್ಯಾಂಡರ್ಡ್ ಡಿಡಕ್ಷನ್ ಸುಮಾರು ಎರಡರಷ್ಟಾಗಿ, 2025ರವರೆಗೆ ಬಹುಪಾಲು ಮನೆಗಳಿಗೆ ದೇಣಿಗೆ ರಸೀದಿಯಿಂದ ಹೆಚ್ಚೇನೂ ಲಾಭ ಉಳಿಯಲಿಲ್ಲ. ಎಪ್ಪತ್ತೂವರೆ ದಾಟಿದವರು ನಿವೃತ್ತಿ ಖಾತೆಯಿಂದ ನೇರವಾಗಿ ಸಭೆಗೆ ಕಳಿಸಿದರೆ ಆ ಹಣಕ್ಕೆ ಆದಾಯ ತೆರಿಗೆ ಇಲ್ಲ. ಇದು ನಮ್ಮ ಹಿರಿಯರಿಗೆ ನಿಜಕ್ಕೂ ಉಪಯೋಗ ಆಗಿದೆ.

ಇನ್ನು ಹರಾಜು. ಇದನ್ನು ಹೇಳದೆ ಬಿಡಲಾರೆ. ವರ್ಷಕ್ಕೊಮ್ಮೆ ಸದಸ್ಯರು ತಮ್ಮ ಕೈಲಾದ್ದನ್ನು ಹರಾಜಿಗೆ ಇಡುತ್ತಾರೆ. ಒಬ್ಬರು ತೋಟದ ಕಳೆ ಕೀಳುತ್ತಾರೆ, ಒಬ್ಬರು ದೋಣಿಯಲ್ಲಿ ಸುತ್ತಿಸುತ್ತಾರೆ. ನಾವು ಎಂಟು ಜನಕ್ಕೆ ಕರ್ನಾಟಕದ ಊಟ ಇಟ್ಟೆವು. ಬಿಸಿಬೇಳೆಬಾತ್, ಕೋಸಂಬರಿ, ಹಪ್ಪಳ, ಶ್ಯಾವಿಗೆ ಪಾಯಸ. ಕೈಗಳು ಮೇಲೆ ಹೋದ ವೇಗ ನೋಡಬೇಕಿತ್ತು. ಪ್ಲೆಡ್ಜ್ ಜಾಸ್ತಿ ಮಾಡಲು ಆಗುವುದಿಲ್ಲ, ಈ ವರ್ಷ ಬಿಗಿ ಇದೆ ಎಂದು ನನ್ನ ಹತ್ತಿರವೇ ಹೇಳಿದವರು ಒಂದು ಎಲೆ ಊಟಕ್ಕೆ ಪೈಪೋಟಿ ಮಾಡಿದರು. ಎಲ್ಲರೂ ನಗುತ್ತಿದ್ದರು, ನಾನೂ ನಕ್ಕೆ. ಆಮೇಲೆ ಯೋಚನೆ ಹತ್ತಿತು. ಕೈಗೆ ಏನಾದರೂ ವಾಪಸ್ ಬಂದರೆ ಕೊಡುವುದು ಎಷ್ಟು ಸಲೀಸು! ಸೇವಾ ಪಟ್ಟಿಯನ್ನೇ ಇವರು ಬೇರೆ ಬಾಗಿಲಿನಿಂದ ಒಳಗೆ ತಂದುಕೊಂಡಿದ್ದಾರೆ, ಅಲ್ವಾ? ತೆರಿಗೆ ಇಲಾಖೆಗೂ ಇದು ಗೊತ್ತು. ಊಟದ ಬೆಲೆಗಿಂತ ಎಷ್ಟು ಜಾಸ್ತಿ ಕೊಟ್ಟಿರೋ ಅಷ್ಟನ್ನು ಮಾತ್ರ ಅವರು ದಾನ ಎಂದು ಒಪ್ಪುತ್ತಾರೆ. ಹರಾಜಿನಲ್ಲಿ ಸಂತೋಷ ಇದೆ, ಜನ ಹತ್ತಿರ ಬರುತ್ತಾರೆ, ನಾನು ಬೇಡ ಎನ್ನುವುದಿಲ್ಲ. ಆದರೆ ಬಜೆಟ್ಟಿನ ತೂತು ಮುಚ್ಚಲು ಅದನ್ನೇ ನಂಬಿದರೆ ಕೆಲವರ ಬೆನ್ನು ಮುರಿಯುತ್ತದೆ. ಮೂವತ್ತು ಜನ ಎರಡು ತಿಂಗಳು ಓಡಾಡಿ ತರುವ ಹಣವನ್ನು ಮೊದಲು ಹೇಳಿದ, ಮನೆಗೆ ತಿಂಗಳಿಗೆ 21 ಡಾಲರ್ ಸದ್ದಿಲ್ಲದೆ ತರುತ್ತದೆ.

ಇದೇ ಜನ ಹೊರಗಿನ ಕಷ್ಟಕ್ಕೆ ಹಿಂದೆ ಮುಂದೆ ನೋಡುವುದಿಲ್ಲ. ಬಹಳ ಸಭೆಗಳ ಹಾಗೆ ನಮ್ಮಲ್ಲೂ ಕೆಲವು ಭಾನುವಾರದ ತಟ್ಟೆಯ ಹಣ ಊರಿನ ಬೇರೆ ಸಂಸ್ಥೆಗೆ ಹೋಗುತ್ತದೆ. ಹಸಿದವರಿಗೆ ಆಹಾರ ಕೊಡುವ ಸಂಸ್ಥೆ, ನಿರಾಶ್ರಿತರ ಸಂಸ್ಥೆ, ಹೀಗೆ. ಅವತ್ತು ತಟ್ಟೆ ತುಂಬುತ್ತದೆ. ಮಾರನೇ ವಾರ ಛಾವಣಿಗೆ ಎಂದರೆ ಚಿಲ್ಲರೆ. ಛಾವಣಿಗೆ ಕೊಟ್ಟರೆ ತಮಗೇ ಕೊಟ್ಟುಕೊಂಡ ಹಾಗೆ, ಅದು ದಾನವೇ ಅಲ್ಲ ಎಂದು ಇವರ ಮನಸ್ಸಿನಲ್ಲಿದೆ. ಅದು ನಿಜವೂ ಹೌದು. ಅದು ದಾನ ಅಲ್ಲ, ಮನೆ ಖರ್ಚು. ಹಾಗೆ ನೇರವಾಗಿ ಹೇಳಿದರೆ ಜಾಸ್ತಿ ಜನ ಕೇಳಿಸಿಕೊಳ್ಳುತ್ತಾರೆ ಅನ್ನುವುದು ನನ್ನ ಅನುಭವ. ತ್ಯಾಗ, ಔದಾರ್ಯ ಎಂಬ ದೊಡ್ಡ ಮಾತು ತಂದ ತಕ್ಷಣ ಈ ಜನ ಭಾಷಣವನ್ನು ತೂಗಿ ನೋಡಲು ಕೂರುತ್ತಾರೆ.

ಯಾರು ಎಷ್ಟು ಕೊಡುತ್ತಾರೆ ಅನ್ನುವುದು ನಮ್ಮಲ್ಲಿ ಒಬ್ಬರಿಗೆ, ಹೆಚ್ಚೆಂದರೆ ಇಬ್ಬರಿಗೆ ಗೊತ್ತು. ಮಿನಿಸ್ಟರಿಗೂ ಗೊತ್ತಿಲ್ಲ. ಗೊತ್ತಿರಬೇಕೇ ಅನ್ನುವುದು ಈ ಸಭೆಗಳಲ್ಲಿ ಮುಗಿಯದ ಜಗಳ. ಗೊತ್ತಾದರೆ ದುಡ್ಡಿದ್ದವರ ಮನೆಗೆ ಬೇಗ ಹೋಗುತ್ತಾರೆ ಎಂದು ಒಂದು ಕಡೆ. ಗೊತ್ತಿಲ್ಲದಿದ್ದರೆ, ನಿಯಮಿತವಾಗಿ ಕೊಡುತ್ತಿದ್ದವರು ಥಟ್ಟನೆ ನಿಲ್ಲಿಸಿದಾಗ ಆ ಮನೆಯಲ್ಲಿ ಕೆಲಸ ಹೋಗಿದೆಯೋ, ಕಾಯಿಲೆಯೋ, ಸಭೆಯ ಮೇಲೆ ಮುನಿಸೋ ಎಂದು ಮಿನಿಸ್ಟರಿಗೆ ತಿಳಿಯುವ ದಾರಿ ಯಾವುದು ಎಂದು ಇನ್ನೊಂದು ಕಡೆ. ನಾನು ಎರಡನೇ ಕಡೆಯವನು. ಅರಳಿಕಟ್ಟೆಯ ಮುಲಾಜು ವಾಪಸ್ ಬರಲಿ ಎಂದು ನಾನು ಹೇಳುತ್ತಿಲ್ಲ, ಅದರಿಂದ ನೊಂದವರನ್ನು ಕಂಡಿದ್ದೇನೆ. ಆದರೆ ಒಬ್ಬರ ಕಷ್ಟ ಖಜಾಂಚಿಯ ಕಂಪ್ಯೂಟರಿನಲ್ಲಿ ಮಾತ್ರ ಇದ್ದರೆ ಅದನ್ನು ಸಭೆ ಎಂದು ಹೇಗೆ ಕರೆಯುವುದು? ಸಮಿತಿಯಲ್ಲಿ ನನ್ನ ಜೊತೆ ಇರುವವರು ಇನ್ನೂ ಒಬ್ಬರೇ.

ಈ ವರ್ಷದ ದೊಡ್ಡ ಚರ್ಚೆ ಬೈಲಾದ್ದು. ಓಟು ಹಾಕುವ ಸದಸ್ಯರು ವರ್ಷಕ್ಕೆ ಎಷ್ಟಾದರೂ ಒಂದು ಮೊತ್ತ ಕೊಟ್ಟು ಅದು ದಾಖಲೆಯಲ್ಲಿ ಇರಬೇಕು ಎಂಬ ನಿಯಮ ಬಹಳ ಸಭೆಗಳಲ್ಲಿದೆ. ನಮ್ಮಲ್ಲೂ ಇದೆ. ಒಂದು ಡಾಲರ್ ಆದರೂ ಸರಿ. ಆಗದವರು ಮಿನಿಸ್ಟರ ಹತ್ತಿರ ಹೇಳಿ ವಿನಾಯಿತಿ ಪಡೆಯಬಹುದು. ನನಗೆ ಇದರಲ್ಲಿ ತಪ್ಪೇನೂ ಕಂಡಿರಲಿಲ್ಲ. ಎಲ್ಲರೂ ಎಣಿಕೆಗೆ ಬರಲಿ ಎಂಬ ವರಾಡದ ಬುದ್ಧಿ ನನ್ನದು. ಸಭೆಯಲ್ಲಿ ಕೆಲಸ ಕಳೆದುಕೊಂಡಿದ್ದ ಒಬ್ಬ ಹೆಂಗಸು ಎದ್ದು ನಿಂತರು. 'ಒಂದು ಡಾಲರ್ ನನಗೆ ಕಷ್ಟ ಅಲ್ಲ. ಆದರೆ ವಿನಾಯಿತಿ ಬೇಕಾದವರಿಗೆ, ನನ್ನ ಹತ್ತಿರ ದುಡ್ಡಿಲ್ಲ ಅಂತ ಒಬ್ಬರ ಮುಂದೆ ಬಾಯಿಬಿಟ್ಟು ಹೇಳಿಕೊಳ್ಳುವುದೇ ನೀವು ಹಾಕಿದ ಶುಲ್ಕ' ಎಂದರು. ಯಾರೂ ತಕ್ಷಣ ಮಾತಾಡಲಿಲ್ಲ. ಉತ್ತರ ನನ್ನ ಹತ್ತಿರವೂ ಇರಲಿಲ್ಲ.

ಬೈಲಾ ಬದಲಿಸಲು ಮೂರನೇ ಎರಡರಷ್ಟು ಓಟು ಬೇಕು. ಅಷ್ಟು ಒಪ್ಪಿಗೆ ಕಾಣಲಿಲ್ಲ, ಮುಂದಿನ ವಾರ್ಷಿಕ ಸಭೆಗೆ ಹಾಕಿದರು. ಅಷ್ಟರವರೆಗೆ ಆ ಹೆಂಗಸೇ ಒಂದು ದಾರಿ ಹೇಳಿದರು. ಎಲ್ಲರಿಗೂ ಕಳಿಸುವ ಅದೇ ಕಾರ್ಡಿನಲ್ಲಿ, ಮೊತ್ತದ ಸಾಲಿನ ಕೆಳಗೆ ಒಂದು ಚೌಕ: 'ಈ ವರ್ಷ ಆಗುವುದಿಲ್ಲ, ನನ್ನನ್ನು ಸದಸ್ಯರ ಪಟ್ಟಿಯಲ್ಲಿ ಇಟ್ಟುಕೊಳ್ಳಿ.' ಅದೇ ಲಕೋಟೆ, ತೆರೆಯುವವರೂ ಅದೇ ಒಬ್ಬರು. ಕೇಳುವವರು ಹೋಗಿ ಕೂರುವುದು ಮಾತ್ರ ಎಲ್ಲರ ಮನೆಗೂ, ಯಾರನ್ನೂ ಬಿಡುವಂತಿಲ್ಲ.

'ಎಲ್ಲರೂ ಆ ಚೌಕಕ್ಕೇ ಗುರುತು ಹಾಕಿದರೆ?' ಎಂದು ಖಜಾಂಚಿ ಕೇಳಿದರು.

'ಹಾಕಿದರೆ ಹಾಕಲಿ. ಈ ಸಭೆ ಯಾರಿಗೂ ಬೇಕಾಗಿಲ್ಲ ಅಂತಾದರೂ ನಿಮಗೆ ಗೊತ್ತಾಗುತ್ತೆ' ಎಂದರು ಆಕೆ.

ಕಾರ್ಡು ಪ್ರಿಂಟಿಗೆ ಹೋಗಿದೆ. ಖಜಾಂಚಿಗೆ ಇನ್ನೂ ಸಮಾಧಾನ ಇಲ್ಲ. ಬಜೆಟ್ಟಿನ ಎರಡು ಕರಡು ಮಾಡಿ ಇಟ್ಟುಕೊಂಡಿದ್ದಾರೆ. ಒಂದರಲ್ಲಿ ಮಿನಿಸ್ಟರ ಸಂಬಳ ಹಾಗೇ ಇದೆ.